ಆಕರ್ಷನ ಬಲಗೈ

ನನ್ನ ತಮ್ಮ ಆಕರ್ಷ್ ಒಂದು ಕಡೆ ಕೂತವನೇ ಅಲ್ಲ. ನೆದರ್ಲೆಂಡ್ಸ್‌ನ ಹೂಫ್‌ಡಾರ್ಪ್ ಊರಿನ ನಮ್ಮ ಮೂರನೇ ಮಹಡಿಯ ಮನೆಯಲ್ಲಿ ಸಾಕ್ಸ್ ಸುತ್ತಿ ಉಂಡೆ ಮಾಡಿ ಗೋಡೆಗೆ ಎಸೆಯುತ್ತಿದ್ದ. ಕೆಳಗಿನ ಮನೆಯ ಅಜ್ಜಿ ಪೊರಕೆಯಿಂದ ಸೂರು ಕುಟ್ಟುವವರೆಗೂ ಬಿಡುತ್ತಿರಲಿಲ್ಲ. ಈಗ ಅದೇ ಕೈಗೆ ಸಂಬಳ ಬರುತ್ತದೆ. ಅವನು ಬೇಸ್‌ಬಾಲ್ ಆಟದ ಪಿಚರ್, ಎಂದರೆ ಬ್ಯಾಟು ಹಿಡಿದವನಿಗೆ ಚೆಂಡು ಎಸೆಯುವವನು. ಹುಬ್ಬಳ್ಳಿಯ ನೆಂಟರಿಗೆ ಇದನ್ನು ಬಿಡಿಸಿ ಹೇಳಿ ಹೇಳಿ ನನಗೆ ಸಾಕಾಗಿದೆ.

ನಮ್ಮಪ್ಪ ಈಶ್ವರಪ್ಪ ವಾರವಿಡೀ ವಿಮಾನ ಕಂಪನಿಯ ಕಂಪ್ಯೂಟರ್ ನೋಡಿಕೊಳ್ಳುತ್ತಾರೆ. ಶನಿವಾರ ಬಂತೆಂದರೆ ಪಕ್ಕದೂರು ಆಮ್ಸ್ಟೆಲ್‌ವೀನ್‌ನಲ್ಲಿ ನಮ್ಮ ಹುಡುಗರ ಕ್ರಿಕೆಟ್ಟಿಗೆ ಅಂಪೈರ್. ನಿಯಮದ ವಿಷಯದಲ್ಲಿ ಅವರು ದೇವರನ್ನೂ ಬಿಡುವವರಲ್ಲ. ಹನ್ನೊಂದು ವರ್ಷದ ಆಕರ್ಷ್ ಬೌಲಿಂಗಿಗೆ ಬಂದ ಮೊದಲ ಓವರಿನಲ್ಲೇ ನಾಲ್ಕು ಸಲ ಕೈ ಚಾಚಿ ನೋಬಾಲ್ ಕೊಟ್ಟರು.

"ಮೊಣಕೈ ಮಡಚಿ ಒಗೀತೀಯಲ್ಲೋ. ಇದು ಬೌಲಿಂಗ್ ಅಲ್ಲ, ಮೋಸ," ಎಂದರು, ಎಲ್ಲರಿಗೂ ಕೇಳುವ ಹಾಗೆ. "ಮಗಾ ಅಂತ ಬಿಡಾಕ ಬರಂಗಿಲ್ಲ."

"ನಾ ಬೇಕಂತ ಮಾಡಿಲ್ಲಪ್ಪಾ," ಎಂದ ಹುಡುಗ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆಮೇಲೆ ಅವನು ಕ್ರಿಕೆಟ್ ಬ್ಯಾಗು ಮುಟ್ಟಲಿಲ್ಲ.

ಮರುವರ್ಷ ಶಾಲೆಯ ಗೆಳೆಯನೊಬ್ಬ ಸೈಕಲ್ಲಿನಲ್ಲಿ ಅವನನ್ನು ಬೇಸ್‌ಬಾಲ್ ಮೈದಾನಕ್ಕೆ ಕರೆದೊಯ್ದ. ಅಲ್ಲಿ ಮೊಣಕೈ ಯಾರಿಗೂ ಬೇಕಿರಲಿಲ್ಲ, ವೇಗ ಬೇಕಿತ್ತು. ಮಳೆ ಗಾಳಿ ಎನ್ನದೆ ಹೋದ. ಅವ್ವ ಗಿರಿಜಮ್ಮ ಹೋದಳು, ನಾನು ಹೋದೆ. ಅಪ್ಪ ಮಾತ್ರ "ಒಗ್ಯೂ ಆಟಾ ನೋಡಾಕ ನಾ ಯಾಕ ಬರಲಿ?" ಎಂದು ಮನೆಯಲ್ಲೇ ಉಳಿದರು.

ಹದಿನೆಂಟಕ್ಕೆ ಅಮೆರಿಕದ ಕಾನ್ಸಾಸ್‌ನ ಸಣ್ಣ ಕಾಲೇಜೊಂದು ಆಡುವುದಕ್ಕೆಂದೇ ಸೀಟು ಕೊಟ್ಟಿತು. ಮೊದಲ ವರ್ಷವಿಡೀ ಆಡಿಸದೆ ಬೆಂಚಿನಲ್ಲೇ ಕೂರಿಸಿದರು. ಫೋನಿನಲ್ಲಿ ಮಾತಾಡುವಾಗಲೂ ಅವನು ನಡೆಯುವ ಸದ್ದು ಕೇಳುತ್ತಿತ್ತು. ಎರಡು ವರ್ಷಕ್ಕೆ ಆ ಕಾಲೇಜು ಬಿಟ್ಟು ಇನ್ನೊಂದು ಸೇರಿದ. ಅಲ್ಲಿ ಎಲ್ಲ ಆಟಗಾರರಿಗೂ ವೈದ್ಯರ ತಪಾಸಣೆ. ಎಕ್ಸ್‌ರೇ ನೋಡಿದ ಡಾಕ್ಟರು, ನಿನ್ನ ಬಲ ಮೊಣಕೈ ಹುಟ್ಟಿನಿಂದಲೇ ಪೂರ್ತಿ ನೇರವಾಗುವುದಿಲ್ಲ ಎಂದರು.

ವರದಿಯ ಫೋಟೋ ನನಗೆ ಬಂತು. "ಅಪ್ಪಗ ಹೇಳಬ್ಯಾಡ ಅಕ್ಕಾ. ಅವರಾಗೇ ನನ್ನ ಆಟಾ ನೋಡಾಕ ಬರಲಿ, ಆವಾಗ ನಾನ ಹೇಳ್ತೀನಿ."

ಎರಡು ವರ್ಷ ನಾನು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಒದ್ದಾಡಿದೆ. ಪದವಿ ಮುಗಿಸಿ ಬಂದವನನ್ನು ಇಲ್ಲಿನ ತಂಡವೊಂದು ಸಂಬಳಕ್ಕೆ ತೆಗೆದುಕೊಂಡಿತು. ಅವನ ಮೊದಲ ಪಂದ್ಯಕ್ಕೆ ಅಪ್ಪನನ್ನು ನಾನು ಹೆಚ್ಚುಕಡಿಮೆ ಎಳೆದುಕೊಂಡೇ ಹೋದೆ. ಆಕರ್ಷ್ ಇಬ್ಬರನ್ನು ಔಟ್ ಮಾಡಿದ. ಜನ ಎದ್ದು ಚಪ್ಪಾಳೆ ತಟ್ಟಿದರು.

"ಈಗೂ ಮಡಚೇ ಒಗೀತಾನ ನೋಡು," ಎಂದರು ಅಪ್ಪ.

ನನ್ನ ಪಿತ್ತ ನೆತ್ತಿಗೇರಿತು. ತಮ್ಮನಿಗೆ ಕೊಟ್ಟ ಮಾತು ಅಲ್ಲೇ ಮುರಿದು, ವರದಿ ತೆರೆದು ಫೋನನ್ನು ಅವರ ಕೈಗೆ ತುರುಕಿದೆ. ಅವರು ಕನ್ನಡಕ ಏರಿಸಿ ಎರಡು ಸಲ ಓದಿದರು. ಮಡಚಿದ ಕೈಯನ್ನು ಎಸೆಯುವಾಗ ನೇರ ಮಾಡಿದರೆ ತಪ್ಪು, ನೇರವೇ ಆಗದ ಕೈ ಬಾಗಿದ್ದರೆ ತಪ್ಪಲ್ಲ ಎಂಬ ನಿಯಮ ನನಗೆ ಗೊತ್ತಿದ್ದದ್ದೇ ಅವರಿಂದ. ಪಂದ್ಯ ಮುಗಿಯುವವರೆಗೆ ಅಪ್ಪ ಆ ಫೋನನ್ನು ಕೈಯಿಂದ ಬಿಡಲಿಲ್ಲ.

ಆಟ ಮುಗಿದು ಆಕರ್ಷ್ ತಂತಿಬೇಲಿಯ ಹತ್ತಿರ ಬಂದ. ಅಪ್ಪನ ಕೈಯಲ್ಲಿದ್ದ ಫೋನು ನೋಡಿದ, ನನ್ನನ್ನು ನೋಡಿದ. ಅವನಿಗೆ ಗೊತ್ತಾಯಿತು.

"ಮೋಸ ಅಂದಿದ್ರಿ," ಎಂದ. "ಅದೊಂದು ಮಾತು ವಾಪಸ್ ತಗೋರಿ. ಬ್ಯಾರೆ ಏನೂ ಬ್ಯಾಡ."

"ತಗೊಂಡೆಪ್ಪಾ," ಎಂದರು ಅಪ್ಪ. "ತಪ್ಪಿ ಔಟ್ ಕೊಟ್ರ ಬ್ಯಾಟು ಹಿಡದವನ್ನ ವಾಪಸ್ ಕರೀಬಹುದು. ಆ ಹನ್ನೊಂದು ವರ್ಷದ ಹುಡುಗನ್ನ ನಾ ಎಲ್ಲಿಂದ ಕರೀಲಿ?"

ಆಕರ್ಷ್ ಬೇಲಿಯ ಮೇಲಿಂದ ಬಾಗಿ ಅಪ್ಪನನ್ನು ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತ.