ನರ್ಸಮ್ಮನ ಹೌದು

ಕನ್ನಡ ತೆಲುಗು ಎರಡೂ ಆಡುವ ಗಡಿಸೀಮೆಯ ಕುಂದುರ್ಪಿಯಿಂದ ಎರಡು ಮೈಲಿ ಒಳಗಿರುವ ಒಂದು ಹಳ್ಳಿಯಲ್ಲಿ ಬಹಳ ಕಾಲ ಒಂದು ಮಾತು ಬಳಕೆಯಲ್ಲಿತ್ತು. ಯಾರಾದರೂ ಯಾವುದಕ್ಕಾದರೂ ‘ಹೌದು’ ಅಂದರೆ, ಎದುರಿನವರು ಕಣ್ಣು ಕಿರಿದು ಮಾಡಿ ‘ಬರೀ ಹೌದಾ, ನರ್ಸಮ್ಮನ ಹೌದಾ?’ ಎಂದು ಕೇಳುವರು. ಹೊರಗಿನಿಂದ ಬಂದವರಿಗೆ ಇದರ ತಲೆಬುಡ ತಿಳಿಯುತ್ತಿರಲಿಲ್ಲ. ಈ ಮಾತನ್ನು ಹುಟ್ಟಿಸಿದವಳು ಪೆದ್ದಕ್ಕ.

ಪೆದ್ದಕ್ಕ ಗಂಡ ಸತ್ತ ಮೇಲೂ ಹತ್ತು ಕುರಿ, ಎರಡು ತುಂಡು ಕಡಲೆಕಾಯಿ ಹೊಲ ನೋಡಿಕೊಂಡು ಬದುಕು ನಡೆಸಿದ ಗಟ್ಟಿ ಹೆಂಗಸು. ಅವಳಿಗಿದ್ದ ಒಂದೇ ಚಟವೆಂದರೆ ಕುತೂಹಲ. ಬಸ್ಸಿನಿಂದ ಇಳಿದವರ ಗಂಟಿನಲ್ಲಿ ಏನಿದೆ ಎಂದು ಗೊತ್ತಾಗದೆ ಅವಳಿಗೆ ಊಟ ಸೇರುತ್ತಿರಲಿಲ್ಲ. ಹೀಗಿರುವಾಗ ೧೯೫೪ರಲ್ಲಿ ಕಲ್ಯಾಣದುರ್ಗದ ಸರ್ಕಾರಿ ಹೆರಿಗೆ ಕೇಂದ್ರಕ್ಕೆ ನಿರ್ಮಲಮ್ಮ ಎಂಬ ನರ್ಸು ಬಂದು ಸುತ್ತಲ ಹಳ್ಳಿಗಳಿಗೂ ಓಡಾಡತೊಡಗಿದಳು; ಊರವರ ಬಾಯಲ್ಲಿ ಅವಳು ನರ್ಸಮ್ಮ. ಬಿಳಿ ಸೀರೆ, ಗಂಡಸರ ಕೊಡೆ, ಒಂದು ತಗಡಿನ ಪೆಟ್ಟಿಗೆ. ಆ ಪೆಟ್ಟಿಗೆಯಲ್ಲಿ ಏನಿದೆ?

ಅದನ್ನು ತಿಳಿಯಲು ಪೆದ್ದಕ್ಕನಿಗೆ ಮೂರು ಹೆರಿಗೆಗಳಷ್ಟು ಕಾಲ ಹಿಡಿಯಿತು. ಸೋಪು, ಕತ್ತರಿ, ದಾರ, ಕುದಿಸಿ ಒಣಗಿಸಿದ ಬಟ್ಟೆ, ತಳದಲ್ಲಿ ಕಪ್ಪು ರಟ್ಟಿನ ಒಂದು ಪುಸ್ತಕ. ಇಷ್ಟೇನಾ ಎಂದು ಪೆದ್ದಕ್ಕನಿಗೆ ಬಹಳ ನಿರಾಸೆಯಾಯಿತು. ಆದರೆ ಆ ಹೆಂಗಸು ಬಸುರಿಯನ್ನು ಮುಟ್ಟುವ ಮೊದಲು ಮೊಣಕೈವರೆಗೆ ಎರಡೆರಡು ಸಲ ಸೋಪು ಹಚ್ಚಿ ತೊಳೆಯುವುದನ್ನು ನೋಡಿ, ಇವಳ ಮಡಿ ಅಗ್ರಹಾರದವರಿಗಿಂತ ಜಾಸ್ತಿ ಎಂದು ಊರೆಲ್ಲ ಹೇಳಿಕೊಂಡು ಬಂದಳು. ನಿರ್ಮಲಮ್ಮ ಹಿಂದೂಪುರದವಳು. ಕಾಲರಾದಲ್ಲಿ ಅಪ್ಪ ಅಮ್ಮ ಇಬ್ಬರೂ ಹೋದ ಮೇಲೆ ಪಾದ್ರಿಗಳ ಹಾಸ್ಟೆಲಿನಲ್ಲಿ ಬೆಳೆದು, ಅಲ್ಲೇ ಹೆರಿಗೆ ಕೆಲಸ ಕಲಿತವಳು. ಮದುವೆಯಾಗಿರಲಿಲ್ಲ. ಯಾಕೆ ಎಂದು ಪೆದ್ದಕ್ಕ ಕೇಳದೆ ಬಿಟ್ಟಾಳೆಯೇ? ‘ಯಾರೂ ಕೇಳ್ಕಂಡು ಬರ್ಲಿಲ್ಲ ಕಣಕ್ಕ’ ಎಂದು ನಿರ್ಮಲಮ್ಮ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದಳು.

ಮರುವರ್ಷ ಪೆದ್ದಕ್ಕನ ಮಗಳು ಈರಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ನೋವು ಶುರುವಾಗಿ ಒಂದು ದಿನ ಕಳೆದರೂ ಮಗು ಇಳಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ನಿರ್ಮಲಮ್ಮ ಬಂದಳು. ಕೈಲಾದದ್ದೆಲ್ಲ ಮಾಡಿದಳು. ಸಂಜೆ ಗಾಡಿ ಕಟ್ಟಿಸಿ ಕಲ್ಯಾಣದುರ್ಗದ ಕಡೆ ಹೊರಡಿಸಿದಳು. ದಾರಿಯಲ್ಲೇ ಈರಕ್ಕನ ಉಸಿರು ನಿಂತಿತು, ಮಗುವೂ ಉಳಿಯಲಿಲ್ಲ.

ಮಾರನೆಯ ದಿನ ಮನೆ ತುಂಬ ಜನ. ಎಲ್ಲರ ಬಾಯಲ್ಲೂ ಹಣೆಬರಹದ ಮಾತೇ. ಆಗ ನಿರ್ಮಲಮ್ಮ ಬಾಗಿಲಿಗೆ ಬಂದು ನಿಂತಳು. ಒಳಗೆ ಬರಲಿಲ್ಲ.

‘ಪೆದ್ದಕ್ಕ, ಹಣೆಬರಹ ಅಲ್ಲ ಕಣಕ್ಕ. ನಾನು ಬಂದ ತಕ್ಷಣ ಗಾಡಿ ಕಟ್ಸಬೇಕಾಗಿತ್ತು. ಇಲ್ಲೇ ಮಾಡ್ಬಲ್ಲೆ ಅಂತ ಸಂಜೆಗಂಟ ಕಾದೆ. ತಪ್ಪು ನಂದು.’

ಯಾರೂ ಕೇಳಿರಲಿಲ್ಲ. ಯಾರಿಗೂ ಅನುಮಾನವೂ ಇರಲಿಲ್ಲ. ಸುಮ್ಮನಿದ್ದಿದ್ದರೆ ಅವಳ ಮೇಲೆ ಒಂದು ಕಡ್ಡಿಯಷ್ಟು ಮಾತೂ ಬರುತ್ತಿರಲಿಲ್ಲ. ಪೆದ್ದಕ್ಕ ಕೈಗೆ ಸಿಕ್ಕಿದ ಚೆಂಬನ್ನು ಬೀಸಿ ಒಗೆದಳು. ಅದು ನಿರ್ಮಲಮ್ಮನ ಭುಜಕ್ಕೆ ಬಡಿಯಿತು. ಅವಳು ಚೆಂಬನ್ನು ಎತ್ತಿ ಜಗಲಿಯ ಮೇಲಿಟ್ಟು ಹೋದಳು. ಒಂದು ವರ್ಷ ಪೆದ್ದಕ್ಕ ಅವಳ ಮುಖ ನೋಡಲಿಲ್ಲ.

ಆದರೂ ಪೆದ್ದಕ್ಕನ ಕುತೂಹಲ ಬಿಡಬೇಕಲ್ಲ. ಇವಳು ಯಾಕೆ ಹೇಳಿದಳು? ಹೇಳಿ ಏನು ಸಿಕ್ಕಿತು? ಹೊಲದಲ್ಲಿ ಕಳೆ ಕೀಳುವಾಗ, ಕುರಿ ಹಿಂದೆ ಹೋಗುವಾಗ ಅದೇ ಯೋಚನೆ. ಕೊನೆಗೆ ಮೂರು ವರ್ಷದ ಮೇಲೆ ಸೊಸೆ ಪೋಲಮ್ಮ ಬಸುರಿಯಾದಾಗ ಪೆದ್ದಕ್ಕ ಹೇಳಿಕಳಿಸಿದ್ದು ಆ ನರ್ಸಮ್ಮನಿಗೇ. ಊರವರು ಮೂಗಿನ ಮೇಲೆ ಬೆರಳಿಟ್ಟುಕೊಂಡರು. ‘ಅವ್ಳು ತಪ್ಪಾದ್ರೆ ತಪ್ಪು ಅಂತಾಳೆ. ಮಿಕ್ಕೋರು ಹಣೆ ತೋರಿಸ್ತಾರೆ’ ಎಂದಳು ಪೆದ್ದಕ್ಕ.

ಹೀಗೆ ನರ್ಸಮ್ಮ ತಿಂಗಳಿಗೊಮ್ಮೆ ಮನೆಗೆ ಬಂದು ಹೋಗತೊಡಗಿದ ಮೇಲೆ ಪೆದ್ದಕ್ಕ ಇನ್ನೊಂದು ವಿಚಿತ್ರ ಕಂಡುಹಿಡಿದಳು. ಈ ಹೆಂಗಸು ಆಣೆ ಇಡುವುದೇ ಇಲ್ಲ! ಆ ಊರಲ್ಲಿ ಆಣೆಯಿಲ್ಲದೆ ಯಾರ ಮಾತೂ ಮುಗಿಯುತ್ತಿರಲಿಲ್ಲ. ಮಕ್ಕಳಾಣೆ, ಆಂಜನೇಯನಾಣೆ, ತಿನ್ನೋ ಅನ್ನದಾಣೆ. ಕೋಳಿ ಮೊಟ್ಟೆ ಇಟ್ಟಿತಾ ಎಂದರೂ ‘ನಿನ್ನಾಣೆ ಇಟ್ಟಿಲ್ಲ’ ಎನ್ನುವ ಜನ. ಇವಳ ಬಾಯಿಂದ ಒಂದು ಆಣೆಯನ್ನಾದರೂ ಹೊರಡಿಸಬೇಕೆಂದು ಪೆದ್ದಕ್ಕ ಹಟ ತೊಟ್ಟಳು.

‘ದೇವ್ರಾಣೆಗೂ ಹೇಳು ನರ್ಸಮ್ಮ, ಕಾಪಿ ಚೆನ್ನಾಗೈತಾ?’

‘ಇಲ್ಲ ಕಣಕ್ಕ, ಬೆಲ್ಲ ಜಾಸ್ತಿ.’

ಪೆದ್ದಕ್ಕ ಸೋತಳು. ಕಾಪಿಗೆ ಬೆಲ್ಲ ಕಡಿಮೆ ಮಾಡಿದಳು.

ಪೋಲಮ್ಮನ ಗಂಡ, ಎಂದರೆ ಪೆದ್ದಕ್ಕನ ಮಗ ಜಯಣ್ಣ, ಹಿಂದೂಪುರದ ಬೆಲ್ಲದ ಮಂಡಿಯಲ್ಲಿ ಮೂಟೆ ಹೊರುತ್ತಿದ್ದ. ಹಿಂದಿನ ದಸರಾ ಮುಗಿಸಿ ಹೋದವನು ಊರಿಗೆ ಬಂದದ್ದು ಯುಗಾದಿಗೆ. ಪೋಲಮ್ಮ ಹೆತ್ತದ್ದು ಕಾರ್ತೀಕದ ಮೊದಲ ವಾರ. ಆ ವರ್ಷದ ಅಧಿಕ ಮಾಸ ಸೇರಿಸಿ ಲೆಕ್ಕ ಹಾಕಿದರೂ ಎಂಟು ತಿಂಗಳು ತುಂಬುವುದಿಲ್ಲ. ಆ ಸೀಮೆಯಲ್ಲಿ ಒಂದು ನಂಬಿಕೆ: ಏಳು ತಿಂಗಳಿಗೆ ಹುಟ್ಟಿದ ಕೂಸು ಬೇಕಾದರೂ ಉಳಿಯುತ್ತದೆ, ಎಂಟಕ್ಕೆ ಹುಟ್ಟಿದ್ದು ಉಳಿಯುವುದಿಲ್ಲ.

ಈ ಕೂಸು ಉಳಿಯಿತು. ಉಳಿದದ್ದೇ ತಪ್ಪಾಯಿತು.

ಉಳಿಸಿದವಳು ನಿರ್ಮಲಮ್ಮ. ಮಗುವನ್ನು ತಾಯಿಯ ಎದೆಗೆ ಬರಿಮೈಯಲ್ಲೇ ಒರಗಿಸಿ, ಮೇಲೆ ಕಂಬಳಿ ಸುತ್ತಿ, ಹತ್ತಿಯ ಬತ್ತಿಯಲ್ಲಿ ಹಾಲು ಹಿಂಡಿ ಕುಡಿಸಿದಳು. ಮೂರನೆಯ ದಿನ ಪೆದ್ದಕ್ಕನನ್ನು ಹತ್ತಿರ ಕರೆದಳು. ‘ಇದರ ಉಗುರು ನೋಡಕ್ಕ, ಬೆರಳ ತುದಿಗೇ ಬಂದಿಲ್ಲ. ಕಿವಿ ಮಡಚಿ ನೋಡು, ಮಡಚಿದಂಗೇ ಇರತ್ತೆ. ತಿಂಗಳು ತುಂಬಿದ ಕೂಸಿನ ಕಿವಿ ಪಟ್ ಅಂತ ಎದ್ದು ನಿಲ್ಲತ್ತೆ.’

ಪೆದ್ದಕ್ಕ ಮಡಚಿದಳು. ಕಿವಿ ಒದ್ದೆ ಬಟ್ಟೆಯ ಹಾಗೆ ಮಲಗಿಕೊಂಡಿತು. ಅಷ್ಟಕ್ಕೇ ಬಿಡುವವಳಲ್ಲ. ಪಕ್ಕದ ಮನೆಯ ಮುದುಕಿಯ ಮೊಮ್ಮಗ ಹುಟ್ಟಿಯೂ ನಾಲ್ಕು ದಿನವಾಗಿತ್ತು. ದೃಷ್ಟಿ ತೆಗೆಯುವ ನೆಪದಲ್ಲಿ ಹೋಗಿ ಆ ಕೂಸಿನ ಕಿವಿಯನ್ನೂ ಮಡಚಿದಳು. ಪಟ್ಟನೆ ಎದ್ದು ನಿಂತಿತು! ಮತ್ತೆ ಮಡಚಿದಳು, ಮತ್ತೆ ಎದ್ದಿತು. ‘ಎಲ್ಲಾರೂ ಕೆನ್ನೆ ಮುಟ್ಟಿದ್ರೆ ಇವ್ಳಿಗೆ ಕಿವಿ ಮೇಲ್ಯಾಕೆ ಕಣ್ಣು?’ ಎಂದು ಆ ಮುದುಕಿ ರೇಗಿದಳು.

ಪೆದ್ದಕ್ಕನ ಭಾವ ಕೊಂಡಪ್ಪ ಊರಿನ ಹಿರಿಯ. ಅವನ ಮುಂದೆ ಪೆದ್ದಕ್ಕ ಸೆರಗು ಹೊದೆಯದೆ ನಿಂತವಳಲ್ಲ, ತಲೆಯೆತ್ತಿ ಮಾತಾಡಿದವಳೂ ಅಲ್ಲ. ಇಪ್ಪತ್ತೊಂದನೆಯ ದಿನ ಅವನು ಮಾತೆತ್ತಿದ. ‘ಎಂಟರದ್ದು ಉಳಿಯಾಕಿಲ್ಲ. ಉಳಿದೈತೆ. ಅಂದ್ಮೇಲೆ ಇದು ಒಂಬತ್ತರದ್ದು. ಒಂಬತ್ತಾದ್ರೆ ಅಪ್ಪ ಯಾರು?’ ಜಯಣ್ಣ ಹಿಂದೂಪುರದಿಂದ ಓಡಿ ಬಂದು ತಲೆ ತಗ್ಗಿಸಿ ಕೂತ. ಹೆಂಡತಿಯ ಕಡೆಗೂ ಮಾತಾಡಲಿಲ್ಲ, ದೊಡ್ಡಪ್ಪನ ಕಡೆಗೂ ಮಾತಾಡಲಿಲ್ಲ. ಅವನ ಮೌನ ಕಂಡು ಪೆದ್ದಕ್ಕನಿಗೆ ಮೈ ಉರಿಯಿತು.

ಸೋಮವಾರ ಬೆಳಿಗ್ಗೆ ಆಂಜನೇಯನ ಗುಡಿಯ ಮುಂದೆ ಊರು ಸೇರಿತು. ನರ್ಸಮ್ಮ ಸರಿಯಾದ ಮಾತು ಹೇಳದಿದ್ದರೆ ಪೋಲಮ್ಮ ಕೂಸನ್ನೆತ್ತಿಕೊಂಡು ಅಂದೇ ಕಂಬದೂರಿನ ತವರಿಗೆ ಹೋಗತಕ್ಕದ್ದು, ತಿರುಗಿ ಬರತಕ್ಕದ್ದಲ್ಲ ಎಂದು ಮೊದಲೇ ತೀರ್ಮಾನವಾಗಿತ್ತು.

ನಿರ್ಮಲಮ್ಮ ಹೇಳಿದಳು: ‘ಕೂಸು ತಿಂಗಳು ತುಂಬದೆ ಹುಟ್ಟಿದ್ದು. ನಾನೇ ಕಣ್ಣಾರೆ ನೋಡಿದೀನಿ.’ ಉಗುರಿನ ವಿಷಯ, ಕಿವಿಯ ವಿಷಯ ಎಲ್ಲವನ್ನೂ ಬಿಡಿಸಿ ಹೇಳಿದಳು.

‘ಕಿವಿ ನೋಡಾಕೆ ಅದೇನು ಕುರಿಮರೀನಾ?’ ಎಂದ ಕೊಂಡಪ್ಪ. ಜನ ನಕ್ಕಿತು. ‘ಕರ್ಪೂರ ಹಚ್ಚಿವ್ನಿ. ಅದನ್ನ ಕೈಯಿಂದ ಆರ್ಸಿ ಪ್ರಮಾಣ ಮಾಡಮ್ಮ, ಮುಗೀತು. ನಮ್ ದೇವ್ರು ಬ್ಯಾಡಾಂದ್ರೆ ನಿನ್ ಪಾದ್ರಿಗಳ ಪುಸ್ತಕ ತಕ್ಕಂಡು ಅದರ ಮ್ಯಾಲೇ ಕೈಯಿಡು. ನಾನು ಅನ್ಯಾಯದವನಲ್ಲ.’

ನ್ಯಾಯವಾದ ಮಾತೇ. ಎಲ್ಲರೂ ತಲೆಯಾಡಿಸಿದರು.

‘ಆ ಪುಸ್ತಕದಾಗೇ ಆಣೆ ಬೇಡ ಅಂದವ್ರೆ ಕಣಪ್ಪ. ಹೌದಾಗಿದ್ದನ್ನ ಹೌದು ಅಂದ್ರೆ ಸಾಕಂತೆ.’

ಇಂಥ ದೇವರನ್ನು ಯಾರೂ ಕೇಳಿರಲಿಲ್ಲ. ನಿಜ ಹೇಳುವವಳಾದರೆ ಆಣೆಗೆ ಯಾಕೆ ಹೆದರಬೇಕು ಎಂದು ಗುಜುಗುಜು ಎದ್ದಿತು. ಕೊಂಡಪ್ಪನಿಗೆ ಸಿಟ್ಟು ಬಂದರೆ ತೆಲುಗು ಬರುತ್ತಿತ್ತು. ‘ಒಟ್ಟೆಯ್ಯಮ್ಮಾ, ಒಟ್ಟೆಯ್ಯಿ!’ ಎಂದು ಗುಡುಗಿದ. ತೆಲುಗಿನಲ್ಲಿ ಒಟ್ಟು ಎಂದರೆ ಆಣೆ.

‘ಕನ್ನಡದ ಒಟ್ಟು ಹಾಕ್ತೀನಿ, ಕೇಳಪ್ಪ. ಯುಗಾದಿಯಿಂದ ಕಾರ್ತೀಕಕ್ಕೆ ಒಟ್ಟು ಎಷ್ಟಾಯ್ತು? ನಾನು ಬೇರೆ ಯಾವ ಒಟ್ಟೂ ಹಾಕಾಕಿಲ್ಲ.’

ಈ ಸಲ ಯಾರೂ ನಗಲಿಲ್ಲ. ಪೋಲಮ್ಮ ಕೂಸನ್ನು ಎದೆಗವಚಿಕೊಂಡು ಎದ್ದು ಬಂದು ನರ್ಸಮ್ಮನ ಕಾಲು ಹಿಡಿದಳು. ‘ಒಂದೇ ಒಂದು ಸಲ ಇಟ್ಬುಡಮ್ಮ. ನಿನ್ ಹೌದು ನಂಗೆ ಗೊತ್ತು, ಇವ್ರಿಗೆ ಗೊತ್ತಿಲ್ಲ. ನಾನೆಲ್ಲಿಗೆ ಹೋಗ್ಲಿ?’

ಸೀರೆಯ ನೆರಿಗೆಯಲ್ಲಿದ್ದ ನಿರ್ಮಲಮ್ಮನ ಬಲಗೈ ಒಂದಿಷ್ಟು ಮೇಲೆದ್ದದ್ದನ್ನು ಪೆದ್ದಕ್ಕ ಕಂಡಳು. ಆ ಕ್ಷಣ ಪೆದ್ದಕ್ಕನಿಗೆ ಮೂರು ವರ್ಷದ ಹಿಂದಿನ ಜಗಲಿ, ಅದರ ಮೇಲೆ ಎತ್ತಿಟ್ಟ ಚೆಂಬು ಕಣ್ಣಿಗೆ ಕಟ್ಟಿತು.

ತಾನು ಎದ್ದದ್ದು ಯಾವಾಗ ಎಂದು ಅವಳಿಗೇ ತಿಳಿಯಲಿಲ್ಲ.

‘ಭಾವಾ, ಒಂದ್ ಮಾತು ಕೇಳ್ತೀನಿ. ನಮ್ ಈರಕ್ಕ ಸತ್ತ ಮಾರ್ನೆ ದಿನ ಇದೇ ನರ್ಸಮ್ಮ ಬಂದು ತಪ್ಪು ನಂದು ಅಂದ್ಲು. ನೀನೂ ಅಲ್ಲೇ ಇದ್ದೆ. ಆವತ್ತು ಆಣೆ ಇಡು ಅಂತ ಕೇಳಿದ್ಯಾ?’

ಕೊಂಡಪ್ಪ ಹೆಗಲ ಟವೆಲು ತೆಗೆದು ತೊಡೆಯ ಮೇಲೆ ಹಾಕಿಕೊಂಡ.

‘ನಾನೂ ಕೇಳ್ಲಿಲ್ಲ. ಆಣೆ ಇಲ್ದೇನೆ ನಂಬಿದ್ವಿ. ನಂಬ್ಕಂಡು ಚೆಂಬು ತಕ್ಕಂಡು ಹೊಡ್ದೆ. ಅವ್ಳ ತಲೆ ಮ್ಯಾಲೆ ತಪ್ಪು ಹೊರ್ಸಾಕೆ ಅವ್ಳ ಮಾತು ಸಾಕಾಯ್ತು. ನನ್ ಸೊಸೆ ತಲೆ ಮ್ಯಾಲಿಂದ ಇಳ್ಸಾಕೆ ಯಾಕೆ ಸಾಲದು?’ ಅವಳು ಮಗನ ಕಡೆ ತಿರುಗಿದಳು. ‘ಏಯ್ ಜಯಣ್ಣ, ಎದ್ದು ಮಗೀನ ಎತ್ಕಳ್ಳೋ!’

ಜಯಣ್ಣ ಎದ್ದ. ಎತ್ತಿಕೊಂಡ. ಕರ್ಪೂರ ತಟ್ಟೆಯಲ್ಲಿ ತಾನಾಗಿಯೇ ಉರಿದು ಮುಗಿದಿತ್ತು. ಕೊಂಡಪ್ಪ ಟವೆಲು ಕೊಡವಿ ಹೆಗಲ ಮೇಲೆ ಹಾಕಿಕೊಂಡು, ‘ಸರಿ, ಆಯ್ತು, ಹೊಲದ ಕೆಲ್ಸ ನೋಡ್ರಪ್ಪ’ ಎಂದು ಎದ್ದು ಹೋದ.

ಆಮೇಲೆ ನಿರ್ಮಲಮ್ಮ ಇನ್ನೂ ಒಂಬತ್ತು ವರ್ಷ ಆ ಸೀಮೆಯಲ್ಲಿ ಓಡಾಡಿ, ೧೯೬೭ರಲ್ಲಿ ಹಿಂದೂಪುರಕ್ಕೆ ಮರಳಿದಳು. ಅಷ್ಟರಲ್ಲಿ ಊರಿನ ಸೂಲಗಿತ್ತಿಯರೂ ಸೋಪು ಹಚ್ಚತೊಡಗಿದ್ದರು. ತಡವಾಗುವ ಮುಂಚೆ ಗಾಡಿ ಕಟ್ಟುವುದನ್ನೂ ಕಲಿತಿದ್ದರು. ಯಾರದೋ ಜಗಳದಲ್ಲಿ ಪೆದ್ದಕ್ಕ ಕೇಳಿದ ‘ನರ್ಸಮ್ಮನ ಹೌದಾ?’ ಎಂಬ ಪ್ರಶ್ನೆ ಎಲ್ಲರ ನಾಲಗೆಗೂ ಹತ್ತಿಕೊಂಡಿತ್ತು. ಆಣೆಗಳು ನಿಂತುಹೋದವು ಎಂದೇನೂ ಅಲ್ಲ, ಕೋಳಿಮೊಟ್ಟೆಗೆ ಮಾತ್ರ ಯಾರೂ ಇಡುತ್ತಿರಲಿಲ್ಲ.

ಆದರೆ ಆ ಸೋಮವಾರದ್ದೊಂದು ಮಾತು ಬಾಕಿಯಿದೆ. ಮಧ್ಯಾಹ್ನ ಪೆದ್ದಕ್ಕ ತಗಡಿನ ಪೆಟ್ಟಿಗೆಯನ್ನು ತಲೆಯ ಮೇಲಿಟ್ಟುಕೊಂಡು ನರ್ಸಮ್ಮನನ್ನು ಬಸ್ಸಿಗೆ ಬಿಡಲು ಹೊರಟಳು. ಹೊಂಗೆ ಮರದ ಕೆಳಗೆ ಇಬ್ಬರೂ ಕೂತರು.

‘ಒಂದ್ ನಿಮಿಷದ ಕೆಲ್ಸ. ಯಾಕೆ ಇಡ್ಲಿಲ್ಲ ನರ್ಸಮ್ಮ?’

‘ಇವತ್ತಿನ ಮಾತಿಗೆ ಆಣೆ ಇಟ್ರೆ, ಆವತ್ತು ಈರಕ್ಕನ ವಿಷ್ಯ ನಿಂಗೆ ಬರೀ ಬಾಯಲ್ಲಿ ಹೇಳಿದ್ದು ಏನಾಗತ್ತೆ? ಅರ್ಧ ನಿಜ ಆಗ್ಬುಡತ್ತೆ.’

ಪೆದ್ದಕ್ಕ ಪೆಟ್ಟಿಗೆಯ ಧೂಳು ಒರೆಸಿದಳು. ಆದರೆ ತಡೆದುಕೊಳ್ಳಲಾಗಲಿಲ್ಲ.

‘ಪೋಲಮ್ಮ ಕಾಲು ಹಿಡಿದಾಗ ನಿನ್ ಕೈ ಮ್ಯಾಕೆ ಬಂತು. ನಾನು ನೋಡ್ದೆ.’

ದೂರದಲ್ಲಿ ಬಸ್ಸಿನ ಧೂಳು ಕಾಣಿಸುತ್ತಿತ್ತು. ನಿರ್ಮಲಮ್ಮ ಆ ಕಡೆ ನೋಡುತ್ತಾ ಕಣ್ಣೊರೆಸಿಕೊಂಡಳು.

‘ಹೌದು ಕಣಕ್ಕ. ನೀನು ಇನ್ನೊಂದು ಗಳಿಗೆ ತಡ ಮಾಡಿದ್ರೆ ಇಟ್ಬುಡ್ತಿದ್ದೆ.’

ಅವಳು ಅದನ್ನು ಹೇಳಬೇಕಾಗಿರಲಿಲ್ಲ. ಪೆದ್ದಕ್ಕ ಅವಳ ಆ ಕೈಯನ್ನು ಹಿಡಿದುಕೊಂಡು, ಬಸ್ಸು ಬಂದು ನಿಲ್ಲುವವರೆಗೂ ಬಿಡಲಿಲ್ಲ.