ಹಲಸಿನ ಹೊಟ್ಟು, ಲೇಥಿನ ತುಕ್ಕು

ಪ್ಲಾಸ್ಟಿಕ್ ಹೊದಿಕೆ ಎತ್ತಿ ನೋಡಿದೆ. ಬೀಜಾಡಿಯ ನಮ್ಮ ಮನೆಯಲ್ಲಿ ಅಪ್ಪಯ್ಯ ತೊಟ್ಟಿಲ ಕಾಲು ಕಡೆಯುವ ಹೊಸ ಲೇಥ್ ಯಂತ್ರದ ಮೈಯೆಲ್ಲ ಕೆಂಪು ತುಕ್ಕು ಹಿಡಿದಿತ್ತು. ಮುಂಬಯಿಗೆ ಹೋಗಿದ್ದ ಅವರು ಮರುದಿನವೇ ಮರಳುವವರಿದ್ದರು. ಕಳಪೆ ಕಬ್ಬಿಣ ಮಾರಿದ ಅಂಗಡಿಯವರು ಉತ್ತರ ಕೊಡಲೇಬೇಕೆಂದು ಫೋನ್ ಎತ್ತಿಕೊಂಡೆ.

ನೆರೆಮನೆಯ ಬಡಗಿ ಶೀನಣ್ಣ ತಡೆದರು. "ಅಂಗ್ಡಿಯವ್ರಿಗೆ ಬೈದ್ ಎಂತ ಆಪ್ದ್ ಮಾರಾಯಾ? ಹಸಿ ಹಲ್ಸಿನ ಮರದ ಹೊಟ್ಟು ಗುಡ್ಸದೆ ಪ್ಲಾಸ್ಟಿಕ್ ಮುಚ್ಚಿದ್ದ್ ಯಾರ್?"

ಬುಗುರಿ ಕಡೆಯಲು ಹೋಗಿ ಹಾಗೆ ಮುಚ್ಚಿಟ್ಟವನು ನಾನೇ. ಹೊಟ್ಟಿನ ತೇವ ಪ್ಲಾಸ್ಟಿಕ್ಕಿನೊಳಗೇ ಉಳಿದು ತುಕ್ಕು ಹಿಡಿಸಿತ್ತು.

ಶೀನಣ್ಣ ಸೀಮೆಎಣ್ಣೆ ಹಚ್ಚಿ ತಿಕ್ಕಿದರು. ಅಡಿಯಲ್ಲಿ ನಯವಾದ ಕಬ್ಬಿಣ ಹೊಳೆಯಿತು. "ಮೇಲ್ಮೇಲೆ ಹಿಡ್ದದ್ದ್ ಅಷ್ಟೇ. ಎಣ್ಣೆ ಸವ್ರಿ ಹತ್ತಿ ಬಟ್ಟೆ ಹೊದ್ಸ್."

ಮರುದಿನ ಅಪ್ಪಯ್ಯ ಕೇಳುವ ಮೊದಲೇ ತಪ್ಪೊಪ್ಪಿಕೊಂಡೆ. ಯಂತ್ರ ಉಳಿಯಿತು, ತಪ್ಪೇ ಮಾಡದವರನ್ನು ದಬಾಯಿಸುವ ಅವಮಾನದಿಂದ ನಾನೂ ಉಳಿದೆ.