ಐದು ಉಗುರು, ಐದು ಹೊಳಪು

ಎಡಗೈ ಎಂಬುದು ಎಂಥ ಅಪ್ರಯೋಜಕ ಅವಯವ ಎನ್ನುವುದು ನೇಲ್ ಪಾಲಿಶ್ ಹಚ್ಚಿಕೊಳ್ಳಲು ಕೂರುವ ತನಕ ಯಾರಿಗೂ ಪೂರ್ತಿ ಗೊತ್ತಾಗುವುದಿಲ್ಲ. ಬಲಗೈ ಬಹಳ ಶ್ರದ್ಧೆಯಿಂದ, ದೇವರ ಮೂರ್ತಿಗೆ ಗಂಧವಿಡುವ ಹಾಗೆ, ಎಡಗೈಯ ಉಗುರುಗಳಿಗೆಲ್ಲ ಬಣ್ಣ ಬಳಿದು ಮುಗಿಸುತ್ತದೆ. ಆಮೇಲೆ ಕುಂಚ ಕೈ ಬದಲಾಯಿಸುತ್ತದೆ ನೋಡಿ, ಅಲ್ಲಿಂದ ಅನಾಹುತ ಶುರು. ಉಗುರಿಗೆ ಸಲ್ಲಬೇಕಾದ್ದು ಬೆರಳಿಗೆ ಸಲ್ಲುತ್ತದೆ, ಬೆರಳಿನಿಂದ ಮೇಜಿನ ಬಟ್ಟೆಗೆ, ಬಟ್ಟೆಯಿಂದ ಹೇಗೋ ಏನೋ ಕನ್ನಡಕಕ್ಕೆ. ಉಪಕಾರ ಪಡೆದ ಕೈಗೆ ಪ್ರತ್ಯುಪಕಾರದ ಯೋಗ್ಯತೆಯೇ ಇಲ್ಲ. ಹಾಗಾಗಿ ಕೆಲವು ಕಾಲ ನಾನು ಎಡಗೈಯೊಂದಕ್ಕೇ ಅಲಂಕಾರ ಮಾಡಿ ಬಲಗೈಯನ್ನು ಬೋಳಾಗಿ ಬಿಟ್ಟುಕೊಂಡು ಮಡಿಕೇರಿಯ ಬೀದಿಗಳಲ್ಲಿ ಓಡಾಡುತ್ತಿದ್ದೆ. ಕಂಡವರು ಇದೇನೋ ಈಗಿನ ಫ್ಯಾಷನ್ ಎಂದುಕೊಂಡಿರಬಹುದು. ಫ್ಯಾಷನ್ ಅಲ್ಲ, ಒಬ್ಬಳೇ ಇರುವವಳ ಮನೆಯಲ್ಲಿ ಬಲಗೈಗೆ ಹಚ್ಚುವವರು ಇರುವುದಿಲ್ಲ, ಅಷ್ಟೇ.

ಈ ವಯಸ್ಸಿನಲ್ಲಿ ಇವಳಿಗೇಕೆ ಈ ಚಪಲ ಎಂದು ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಾನು ಮೂವತ್ತು ವರ್ಷಕ್ಕೂ ಮಿಕ್ಕಿ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. ನರ್ಸಿನ ಉಗುರು ಎಂದರೆ ಸನ್ಯಾಸಿಯ ತಲೆ ಇದ್ದ ಹಾಗೆ: ಬೆಳೆಯಕೂಡದು, ಬಣ್ಣ ಕಾಣಕೂಡದು. ಮದುವೆಗಳಿಗೆ ಹೋದಾಗಲೂ ಮರುದಿನ ಡ್ಯೂಟಿಯ ನೆನಪಿನಿಂದ ಕೈಕಟ್ಟಿ ಕೂತಿರುತ್ತಿದ್ದೆ. ನನ್ನ ಮದುವೆಯಂತೂ ಆಗಲೇ ಇಲ್ಲ. ಆ ನೆಪದಲ್ಲೂ ಉಗುರಿಗೆ ರಂಗೇರಲಿಲ್ಲ. ಊರಿಗೆ ಊರೇ ನನ್ನನ್ನು ಸಿಸ್ಟರ್ ಎಂದು ಕರೆಯಿತು. ಔಷಧದಂಗಡಿಯವನಿಂದ ಹಿಡಿದು ಮೀನು ಮಾರುವವನ ತನಕ ಇಷ್ಟೊಂದು ಒಡಹುಟ್ಟಿದವರಿರುವವಳು ನಿವೃತ್ತಳಾದ ಮೇಲೆ ಗೋಡೆಯ ಜೊತೆ ಮಾತಾಡಬೇಕಾದೀತು ಎಂದು ಆಗ ಯಾರು ಎಣಿಸಿದ್ದರು?

ಆದರೆ ನೇಲ್ ಪಾಲಿಶ್ ನನಗೆ ಅಪರಿಚಿತ ವಸ್ತುವೇನಲ್ಲ. ಹಚ್ಚಿ ಗೊತ್ತಿಲ್ಲದಿದ್ದರೂ ತೆಗೆದು ಗೊತ್ತಿತ್ತು. ಆಪರೇಷನ್ನಿಗೆ ಮುಂಚೆ ರೋಗಿಯ ಉಗುರು ಬರಿದಾಗಿರಬೇಕು. ರಕ್ತದಲ್ಲಿ ಪ್ರಾಣವಾಯು ಎಷ್ಟಿದೆ ಎಂದು ನೋಡುವ ಯಂತ್ರವನ್ನು ಬೆರಳಿಗೇ ಸಿಕ್ಕಿಸುವುದು, ಉಗುರು ನೀಲಿಗಟ್ಟುತ್ತಿದೆಯೇ ಎಂದು ಕಣ್ಣಿಗೂ ಕಾಣಬೇಕಲ್ಲ. ಹೀಗಾಗಿ ಹತ್ತಿಗೆ ರಿಮೂವರ್ ಅದ್ದಿ ಒಂದೊಂದೇ ಬೆರಳನ್ನು ಒರೆಸುವ ಕೆಲಸ ನನ್ನದಾಗಿತ್ತು. ಆ ಹೊತ್ತಿನಲ್ಲಿ ಹೆಂಗಸರು ಮಾತಾಡುತ್ತಾರೆ. ಡಾಕ್ಟರ ಮುಂದೆ ಬಾಯಿ ಬಿಡದವರು, ಗಂಡನಿಗೂ ಹೇಳದ ಭಯವನ್ನು, ಬೆರಳು ನನ್ನ ಕೈಯಲ್ಲಿರುವಾಗ ಹೇಳಿಬಿಡುತ್ತಾರೆ. ಕುಟ್ಟ ಎಂಬ ಊರಿನ ಕಡೆಯ ಒಬ್ಬಳು, ಗರ್ಭಕೋಶ ತೆಗೆಸಲು ಬಂದವಳು, ಒಂದು ಕಿರುಬೆರಳಿನ ಬಣ್ಣವನ್ನಾದರೂ ಉಳಿಸಿಕೊಡಿ, ಮಗಳು ಹಚ್ಚಿದ್ದು ಎಂದು ಬೇಡಿಕೊಂಡಿದ್ದಳು. ನಾನು ಅವಳ ಕಾಲಿನ ಕಿರುಬೆರಳಿಗೆ ರಿಯಾಯಿತಿ ಕೊಡಿಸಿದೆ. ಹೀಗೆ ಎಷ್ಟು ಹೆಂಗಸರ ಬಣ್ಣ ಇಳಿಸಿದ್ದೇನೋ ಲೆಕ್ಕವಿಲ್ಲ. ಒಬ್ಬರಿಗೂ ಹಚ್ಚಿದವಳಲ್ಲ.

ನಿವೃತ್ತಿಯಾದ ಮೇಲೆ ನಾನು ಕೊಂಡ ಮೊದಲ ಐಷಾರಾಮ, ಬಸ್ ಸ್ಟ್ಯಾಂಡ್ ಹತ್ತಿರದ ಫ್ಯಾನ್ಸಿ ಸ್ಟೋರಿನ ನವುರಾಗಿ ಮಿನುಗುವ ಒಂದು ಶಿಮ್ಮರ್ ಸೀಸೆ. ಒಂದು ಎರಡಾಯಿತು, ಎರಡು ಒಂದು ಬುಟ್ಟಿಯಾಯಿತು. ಈಗಿನ ನೇಲ್ ಪಾಲಿಶ್ ಬರೀ ಕೆಂಪು, ಗುಲಾಬಿ ಎಂದು ಸುಮ್ಮನಿರುವ ಜಾತಿಯದಲ್ಲ. ಅದಕ್ಕೆ ಬಣ್ಣದ ಮೇಲೊಂದು ನಡತೆಯಿದೆ. ಅಂಗಡಿಯ ಹುಡುಗಿ ಅವುಗಳ ಇಂಗ್ಲಿಷ್ ಹೆಸರನ್ನೆಲ್ಲ ಒಪ್ಪಿಸುತ್ತಿದ್ದರೆ ನನ್ನ ಕಿವಿಯಲ್ಲಿ ಭಾಗಮಂಡಲದ ಹತ್ತಿರದ ನಮ್ಮಜ್ಜಿಯ ಮಾತು ಓಡುತ್ತಿತ್ತು. ಅಜ್ಜಿಗೆ ಎಲ್ಲ ಹೊಳಪೂ ಒಂದೇ ಅಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿದ ಚೆಂಬು ಥಳಥಳ. ಎಣ್ಣೆ ಹಾಕಿ ಬಾಚಿದ ಜಡೆ ಮಿರಮಿರ. ದೂರದ ಮನೆಯ ದೀಪ ಮಿಣಮಿಣ. ಮಳೆಗಾಲದ ಮೊದಲ ಮಿಂಚು ಫಳಫಳ. ಜಂಬದ ಹೆಂಗಸಿನ ಸೀರೆ ಮಾತ್ರ ಲಕಲಕ. ಮನೆಗೆ ಬಂದು ಸೀಸೆಗಳನ್ನು ಸಾಲಾಗಿ ನಿಲ್ಲಿಸಿ ನಾನು ಅವಕ್ಕೆ ಮರುನಾಮಕರಣ ಮಾಡಿದೆ. ಶಿಮ್ಮರ್ ಮಿರಮಿರಕ್ಕೆ ಸೇರಿತು, ಜರಿಪುಡಿಯಂಥ ಗ್ಲಿಟರ್ ಮಿಣಮಿಣಕ್ಕೆ. ಕನ್ನಡಿಯಂಥ ಕ್ರೋಮ್ ಥಳಥಳದ ಮನೆತನ. ಬಿಸಿಲು ಬಿದ್ದರೆ ಕಾಮನಬಿಲ್ಲನ್ನು ಚೂರುಚೂರು ಮಾಡಿ ಎರಚುವ ಹೋಲೋಗ್ರಾಫಿಕ್ ಎಂಬ ಮಹಾರಾಯಿತಿ ಲಕಲಕವೇ ಸೈ. ಮಡಿಕೇರಿಯಲ್ಲಿ ಬಾರದ ಬಿಸಿಲಿನ ದಾರಿ ಕಾದು ಕಾದು ಅವಳ ಜಂಬವೆಲ್ಲ ಇಳಿದು ಬೂದಿಬಣ್ಣದಲ್ಲಿ ಕೂತಿದ್ದಾಳೆ ಎನ್ನುವುದು ಬೇರೆ ಮಾತು. ಮ್ಯಾಟ್ ಎಂಬುದೊಂದುಂಟು, ಹೊಳೆಯದೇ ಇರುವುದಕ್ಕೆ ಹೆಚ್ಚು ದುಡ್ಡು ತೆಗೆದುಕೊಳ್ಳುತ್ತದೆ. ಅದನ್ನು ಅಜ್ಜಿ ಏನೆಂದು ಕರೆಯುತ್ತಿದ್ದಳೆಂದು ಯೋಚಿಸಿ ಒಬ್ಬಳೇ ನಕ್ಕೆ. ಒಬ್ಬಳೇ ನಗುವುದರಲ್ಲಿ ಒಂದು ತೊಂದರೆಯಿದೆ. ನಗು ಮುಗಿದ ಮೇಲಿನ ನಿಶ್ಶಬ್ದ ನಗುವಿಗೆ ಮುಂಚಿನದಕ್ಕಿಂತ ದೊಡ್ಡದಾಗಿರುತ್ತದೆ.

ಇನ್ನೆರಡರ ಕಥೆ ಹೇಳದೆ ಹೋದರೆ ಅನ್ಯಾಯವಾದೀತು. ಒಂದು, ಕ್ಯಾಟ್ ಐ. ಇದರೊಳಗೆ ಕಬ್ಬಿಣದ ಪುಡಿಯಂಥದ್ದೇನೋ ಇದೆ. ಹಚ್ಚಿದ ಕೂಡಲೇ, ಹಸಿ ಇರುವಾಗಲೇ, ಸಣ್ಣ ಅಯಸ್ಕಾಂತವೊಂದನ್ನು ಉಗುರಿನ ಮೇಲೆ ಮುಟ್ಟದ ಹಾಗೆ ಹಿಡಿದರೆ ಬೆಕ್ಕಿನ ಕಣ್ಣಿನಂತೆ ಒಂದು ಬೆಳಕಿನ ಗೆರೆ ಎದ್ದು ನಿಲ್ಲುತ್ತದೆ. ಆಹಾ, ಎಂಥ ಚೆಲುವು. ಆದರೆ ಕುಂಚ, ಸೀಸೆ, ಅಯಸ್ಕಾಂತ ಮೂರನ್ನೂ ಏಕಕಾಲಕ್ಕೆ ನಿಭಾಯಿಸಲು ನಾಲ್ಕು ಕೈಗಳುಳ್ಳ ದೇವಿಯೇ ಆಗಬೇಕು, ಇಲ್ಲವೇ ಪಕ್ಕದಲ್ಲಿ ಇನ್ನೊಬ್ಬರು ಕೂತಿರಬೇಕು. ಇನ್ನೊಂದು, ಶಾಖಕ್ಕೆ ಬಣ್ಣ ಬದಲಿಸುವುದು: ತಂಪಿನಲ್ಲಿ ನೇರಳೆ, ಬೆಚ್ಚಗಾದರೆ ಗುಲಾಬಿ. ಮಡಿಕೇರಿಯ ಜುಲೈಯಲ್ಲಿ ಅದು ನೇರಳೆ ಬಿಟ್ಟು ಕದಲುವುದಿಲ್ಲ. ಕಾಫಿಯ ಲೋಟ ಹಿಡಿದಾಗ ಮಾತ್ರ ಹೆಬ್ಬೆರಳು ಗುಲಾಬಿಯಾಗುತ್ತದೆ. ಕಾಫಿ ಮುಗಿಯುತ್ತದೆ, ಮತ್ತೆ ನೇರಳೆ. ಅದನ್ನು ನೋಡುವುದಕ್ಕೆಂದೇ ನಾನು ಹೆಚ್ಚು ಕಾಫಿ ಕುಡಿಯತೊಡಗಿದೆ ಎಂದರೆ ನನ್ನ ದಿನಗಳು ಹೇಗೆ ಸಾಗುತ್ತಿದ್ದವು ಎಂದು ನಿಮಗೆ ಅಂದಾಜಾದೀತು.

ಸಾಗುತ್ತಿರಲಿಲ್ಲ, ಅದೇ ವಿಷಯ. ಭಾಗಮಂಡಲದಲ್ಲಿರುವ ತಮ್ಮ ವಾರಕ್ಕೊಮ್ಮೆ ಫೋನ್ ಮಾಡಿ, "ಅಕ್ಕಾ, ಅಲ್ಲಿ ನಿಂಗೆ ಎಂತ ಉಟ್ಟು? ಇಲ್ಲಿಗೆ ಬಾ" ಎನ್ನುತ್ತಿದ್ದ. ಅಲ್ಲಿ ನಿನಗೇನಿದೆ ಎಂದು ಅವನು ಕೇಳಿದಾಗೆಲ್ಲ ನಾನು ಮಳೆಯ ಸುದ್ದಿ ತೆಗೆಯುತ್ತಿದ್ದೆ. ತಮ್ಮನ ಮನೆಯವರು ಒಳ್ಳೆಯವರು. ಒಂದು ಕೋಣೆ ಬಿಡಿಸಿಕೊಡುತ್ತೇವೆ ಎಂದಿದ್ದರು. ಹೋದರೆ ಊಟಕ್ಕೆ, ಮಾತಿಗೆ ಕೊರತೆಯಿಲ್ಲ. ಆದರೆ ನನ್ನ ಸಂಬಳದಲ್ಲಿ, ನನ್ನ ಬೀಗದ ಕೈಯಲ್ಲಿ ಇಷ್ಟು ವರ್ಷ ಬದುಕಿದವಳಿಗೆ ಬಿಡಿಸಿಕೊಟ್ಟ ಕೋಣೆ ಎಂಬ ಮಾತು ಗಂಟಲಲ್ಲಿ ಸಿಕ್ಕುತ್ತಿತ್ತು. ಒಮ್ಮೆ ಹೋದರೆ ಮತ್ತೆ ನನ್ನದೆನ್ನುವ ಮನೆ ಹೂಡುವ ವಯಸ್ಸೂ ಇದಲ್ಲ. ಕೊನೆಗೆ ಹ್ಞೂಂ ಎಂದೆ. ಬಾಡಿಗೆ ಮನೆ ಬಿಡುತ್ತೇನೆ ಎಂದು ಕೆಳಗಿನ ಮನೆಯಲ್ಲೇ ಇರುವ ಒಡತಿ ದೇಚಕ್ಕನಿಗೆ ತಿಳಿಸಿಯೂ ಆಯಿತು. ಅಷ್ಟರಲ್ಲಿ ಭಾಗಮಂಡಲದ ಕಡೆಯ ನಮ್ಮವರ ಆಟಿ ತಿಂಗಳು, ದೇಚಕ್ಕನವರ ಕೊಡವ ಲೆಕ್ಕದಲ್ಲಿ ಕಕ್ಕಡ, ಹಿಡಿದುಬಿಟ್ಟಿತು. ಅಶುಭವೆಂದು ಆಟಿಯಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಹಾಗಾಗಿ ಮಳೆಯ ಆ ಒಂದು ತಿಂಗಳು ನನಗೆ ಜಾಮೀನಿನ ಹಾಗೆ ಸಿಕ್ಕಿತು.

ದೇಚಕ್ಕ ಎಪ್ಪತ್ತು ದಾಟಿದವರು, ಮಿಲಿಟರಿಯಲ್ಲಿದ್ದ ಗಂಡನನ್ನು ಕಳೆದುಕೊಂಡ ಮೇಲೆ ಕೆಳಗೆ ಒಬ್ಬರೇ ಇದ್ದವರು. ನೆಟ್ಟಗಿನ ಬೆನ್ನು, ಅಳೆದ ಮಾತು. ಮನೆ ಬಿಡುತ್ತೇನೆ ಎಂದಂದಿನಿಂದ ಆ ಅಳತೆಯೂ ಕಡಿಮೆಯಾಗಿತ್ತು. ಗೇಟಿನ ಹತ್ತಿರ ಎದುರಾದರೆ ತಲೆಯಾಡಿಸಿ ಒಳಗೆ ಹೋಗಿಬಿಡುತ್ತಿದ್ದರು. ಸಾಯಂಕಾಲ ಅವರ ಟೀವಿಯ ಸದ್ದು ಒಮ್ಮೊಮ್ಮೆ ಫಕ್ಕನೆ ಇಳಿಯುತ್ತಿತ್ತು. ನನ್ನ ಓಡಾಟದಿಂದ ಕಿರಿಕಿರಿಯಾಗಿ ಹಾಗೆ ಮಾಡುತ್ತಾರೆಂದು ತಿಳಿದು ನಾನು ಇನ್ನಷ್ಟು ಮೆಲ್ಲಗೆ ನಡೆಯುತ್ತಿದ್ದೆ. ನೈಟ್ ಡ್ಯೂಟಿ ಕಲಿಸಿದ ನಡಿಗೆ ಹೇಗೂ ಇತ್ತಲ್ಲ.

ಅಂಥದ್ದೊಂದು ಸಾಯಂಕಾಲ ಎಡಗೈಯ ಐದು ಉಗುರಿಗೆ ಐದು ಬಗೆ ಬಳಿದು, ಕಿಟಕಿಯ ಬೆಳಕಿಗೆ ಹಿಡಿದು, ಯಾವುದಕ್ಕೆ ಎಷ್ಟು ಅಂಕ ಕೊಡಲಿ ಎಂದು ನೋಡುತ್ತಿದ್ದೆ. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ದೇಚಕ್ಕ, ಕೈಯಲ್ಲಿ ಮುಚ್ಚಿದ ಬಟ್ಟಲು. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಿದ್ದರು. ನನ್ನ ಕಣ್ಣು, ಹಳೆಯ ಅಭ್ಯಾಸ, ಮುಖಕ್ಕಿಂತ ಮೊದಲು ಬೆರಳಿಗೆ ಹೋಯಿತು. ಉಗುರುಗಳು ಕಡುನೀಲಿ.

ಆಮೇಲೆ ನಾನು ಮಾಡಿದ್ದನ್ನು ನೆನೆದರೆ ಈಗಲೂ ನಾಚಿಕೆ. ಬಟ್ಟಲನ್ನು ಕಸಿದು ಕೆಳಗಿಟ್ಟೆ. ಭುಜ ಹಿಡಿದು ಕುರ್ಚಿಯಲ್ಲಿ ಕೂರಿಸಿದೆ. ಮಾತಾಡಬೇಡಿ ಎಂದೆ, ಎದೆ ನೋಯುತ್ತಿದೆಯಾ ಎಂದೂ ಕೇಳಿದೆ. ಮಾತಾಡದೆ ಉತ್ತರ ಕೊಡುವುದು ಹೇಗೆಂದು ಅವರು ಕಣ್ಣರಳಿಸಿ ನೋಡುತ್ತಿರುವಾಗಲೇ ಕೈ ಹಿಡಿದು ನಾಡಿ ಎಣಿಸತೊಡಗಿದ್ದೆ. ನಾಡಿ ಗಟ್ಟಿಯಾಗಿತ್ತು. ಕೈ ಬೆಚ್ಚಗಿತ್ತು. ನೀಲಿಗಟ್ಟಿದ ಕೈ ಬೆಚ್ಚಗಿರುವುದು ಹೇಗೆ ಎಂದು ನಾನು ತಬ್ಬಿಬ್ಬಾಗಿ ನಿಂತೆ.

"ಸಿಸ್ಟರೇ, ಇವತ್ತು ಕಕ್ಕಡ ಹದಿನೆಂಟು," ಎಂದರು ದೇಚಕ್ಕ. "ಮದ್ದು ಸೊಪ್ಪು ಹಿಂಡಿದ ಕೈ ಇದು. ಪಾಯಸ ತಂದವಳನ್ನ ಅಡ್ಮಿಟ್ ಮಾಡ್ತೀರಾ ಎಂತ?"

ಕೊಡಗಿನವರಿಗೆ ಇದನ್ನು ವಿವರಿಸಬೇಕಿಲ್ಲ. ಆಟಿಯ ಹದಿನೆಂಟನೆಯ ದಿನ ಕಾಡಿನ ಆ ಸೊಪ್ಪಿಗೆ ಹದಿನೆಂಟು ಬಗೆಯ ಔಷಧ ಇಳಿದಿರುತ್ತದೆಂದು ನಂಬಿಕೆ. ಕುದಿಸಿದರೆ ನೀಲಿ ನೇರಳೆಯ ರಸ ಬಿಡುತ್ತದೆ, ಅದರಲ್ಲೇ ಪಾಯಸ. ಮುಟ್ಟಿದ ಕೈ, ತಿಂದ ನಾಲಿಗೆ ಎಲ್ಲವೂ ಬಣ್ಣ, ಮರುದಿನ ಬೆಳಿಗ್ಗೆ ಬಚ್ಚಲಿನಲ್ಲೂ ಬಣ್ಣ. ಬಯಲುಸೀಮೆಯಿಂದ ಹೊಸದಾಗಿ ಬಂದ ಡಾಕ್ಟರುಗಳು ಆ ಮರುದಿನ ಮೂತ್ರಪಿಂಡದ ಕಾಯಿಲೆಗೆ ಹೆದರಿ ಓಡಾಡುವಾಗ ನಾವು ನರ್ಸುಗಳು ಸೆರಗಿನೊಳಗೆ ನಗುತ್ತಿದ್ದೆವು. ಹುಟ್ಟಿದಾಗಿನಿಂದ ಆಟಿ ಪಾಯಸ ತಿಂದ ನಾನು ಆ ದಿನ ಯಾವುದೆಂಬುದನ್ನೇ ಮರೆತಿದ್ದೆ. ಒಂದೇ ಬಟ್ಟಲಿಗಾಗಿ ಯಾರು ಸೊಪ್ಪು ಕುದಿಸುತ್ತಾರೆಂದು ಕ್ಯಾಲೆಂಡರ್ ಕಡೆ ನೋಡಿಯೇ ಇರಲಿಲ್ಲ. ಹಿಡಿದ ಕೈಯನ್ನು ಬಿಡುವುದೂ ಮರೆತುಹೋಯಿತು.

ಅವರೂ ಬಿಡಿಸಿಕೊಳ್ಳಲಿಲ್ಲ. ಬದಲಿಗೆ ನನ್ನ ಎರಡೂ ಕೈಗಳನ್ನು ತಿರುಗಿಸಿ ನೋಡಿ, "ಒಂದು ಮದುವೆಗೆ ಹೊರಟ ಕೈ, ಒಂದು ಡ್ಯೂಟಿಗೆ ಹೊರಟ ಕೈ," ಎಂದರು. ನಾನು ಎಡಗೈಯ ಅಯೋಗ್ಯತೆಯನ್ನು ವಿವರಿಸಿದೆ. ಅವರು ಸೀಸೆಯೊಂದನ್ನು ಎತ್ತಿ ನೋಡಿ ಕೆಳಗಿಟ್ಟರು. ಆಮೇಲೆ ಕಿಟಕಿಯ ಕಡೆ ಮುಖ ಮಾಡಿ ಕೇಳಿದರು: "ಕಕ್ಕಡ ಮುಗಿದ ಮೇಲೆ ಹೋಗೋದು ಗಟ್ಟಿಯಾ?"

ತಮ್ಮ ಕರೆಯುತ್ತಿದ್ದಾನೆ, ನನ್ನ ಓಡಾಟದಿಂದ ನಿಮಗೂ ತೊಂದರೆ ಎಂದೇನೋ ತೊದಲಿದೆ.

"ಎಂತ ತೊಂದರೆ? ನೀವು ಬೆಕ್ಕಿನ ಹಾಗೆ ನಡೀತೀರಿ. ಮೇಲೆ ಕುರ್ಚಿ ಎಳೆದ ಶಬ್ದ ಬರ್ತದಾ ಅಂತ ನಾನು ಟೀವಿ ಸಣ್ಣ ಮಾಡಿ ಕೂತ್ಕೊಳ್ಳೋದು. ಯಾರೋ ಇದ್ದಾರೆ ಅಂತ ಗೊತ್ತಾಗಬೇಕಲ್ಲ ಮನುಷ್ಯರಿಗೆ," ಎಂದರು. ಸ್ವಲ್ಪ ತಡೆದು ಸೇರಿಸಿದರು: "ಇರೋದಾದ್ರೆ ಸ್ವಲ್ಪ ಸದ್ದು ಮಾಡಿ ನಡೀರಿ."

ಮನೆ ಖಾಲಿಯಾಗುತ್ತದೆಂದು ಅವರು ಇನ್ನೂ ಯಾರಿಗೂ ಹೇಳಿರಲಿಲ್ಲವಂತೆ. ಹೇಳಿದರೆ ಯಾರಾದರೂ ಬಂದುಬಿಡುತ್ತಾರಲ್ಲ ಎಂದು.

ಇಂಥ ಸಂದರ್ಭಗಳಲ್ಲಿ ಏನು ಹೇಳಬೇಕೆಂದು ನರ್ಸಿಂಗ್ ಶಾಲೆಯಲ್ಲಿ ಕಲಿಸುವುದಿಲ್ಲ. ಏನು ಮಾಡಬೇಕೆಂದು ಮಾತ್ರ ಕಲಿಸುತ್ತಾರೆ. ಸ್ಟೂಲು ಎಳೆದುಕೊಂಡು, ಬೇಕೆಂದೇ ಕರಕರ ಸದ್ದು ಮಾಡಿ, ಅವರೆದುರು ಕೂತೆ. ಸೊಪ್ಪಿನ ಕಲೆಗೆ ಏನಾದರೂ ಬಳಿದು ಮುಚ್ಚಲೇ ಎಂದು ಕೇಳಿದೆ. ಈ ವಯಸ್ಸಿಗಾ ಎನ್ನುತ್ತಲೇ ಅವರು ಕೈ ಮುಂದೆ ಚಾಚಿದರು.

ಅಲ್ಲಿಯವರೆಗೆ ನಾನು ಹೋಲಿಸಿದ್ದೆಲ್ಲ ಬರೀ ಹೊಳಪನ್ನು. ಥಳಥಳವೋ, ಮಿರಮಿರವೋ, ಇಷ್ಟೇ ಜಗಳ. ಆ ಸಾಯಂಕಾಲ ಸೀಸೆಗಳ ಮೇಲೆ ಕೈಯಾಡಿಸುವಾಗ ಬೇರೊಂದು ಗುಣ ಮುಖ್ಯವೆನಿಸಿ, ಒರಟು ಗ್ಲಿಟರಿನ ಒಂದು ಸೀಸೆಯನ್ನು ಆರಿಸಿದೆ. ಅದು ಚೆಂದದಲ್ಲಿ ಎಲ್ಲಕ್ಕಿಂತ ಹಿಂದೆ. ಮೊದಲ ಕೋಟ್ ಬಳಿದು, ನಾಳೆ ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿ ಬರುವುದಿಲ್ಲ ಎಂದು ಹೇಳಿಬಿಡುತ್ತೇನೆ ಎಂದೆ. ದೇಚಕ್ಕ ತಲೆಯಾಡಿಸಿದರು. ಎರಡನೆಯ ಕೋಟ್ ಬಳಿಯುವಾಗ, ಒಣಗುವ ತನಕ ಏನನ್ನೂ ಮುಟ್ಟಬಾರದು, ಮೆಟ್ಟಿಲ ಕಂಬಿಯನ್ನೂ ಹಿಡಿಯಬಾರದು ಎಂದು ಎಚ್ಚರಿಸಿದೆ.

ಎಷ್ಟು ಹೊತ್ತು ಬೇಕು ಎಂದು ಕೇಳಿದರು.

ಇದು ಬಹಳ ನಿಧಾನ ಒಣಗುವ ಜಾತಿ ಎಂದೆ. ಅವರು ಹತ್ತೂ ಬೆರಳು ಅಗಲಿಸಿಕೊಂಡು, ಕುರ್ಚಿಗೆ ಬೆನ್ನು ಕೊಟ್ಟು, ಆರಾಮವಾಗಿ ಕೂತರು. ನಾನು ಪಾಯಸದ ಬಟ್ಟಲಿನ ಮುಚ್ಚಳ ತೆಗೆದು ಚಮಚ ತರಲು ಒಳಗೆ ಹೋದೆ.